ಮಾದರಿ ಬಾಡಿಗೆ ಕಾಯ್ದೆ ಬರುವ ತನಕ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಗಟ್ಟಿ ಬಾಡಿಗೆ ಕರಾರು ಬರೆಯುವ ಬಗೆ

ಗಂಗಾವತಿಯಲ್ಲೋ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲೋ ತಿಂಗಳಿಗೆ 8,000 ರೂಪಾಯಿಯ ಒಂದು ಮನೆ ಇದೆ ಎಂದುಕೊಳ್ಳಿ. ಅದಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ಕೇಳಿದರೆ ಮಾಲೀಕರೂ ಬಾಡಿಗೆದಾರರೂ 'ರೆಂಟ್ ಕಂಟ್ರೋಲ್' ಎಂದೇ ಹೇಳುತ್ತಾರೆ. 1961ರ ಆ ಬಾಡಿಗೆ ನಿಯಂತ್ರಣ ಕಾಯ್ದೆ ರದ್ದಾಗಿ ಎರಡು ದಶಕ ದಾಟಿದೆ. ಅದರ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅದರ ಬಾಗಿಲೂ ಇವತ್ತಿನ ಬಹುಪಾಲು ಮನೆಗಳಿಗೆ ಮುಚ್ಚಿದೆ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು 'ಬಂದೇ ಬಿಟ್ಟಿತು' ಎಂದು ನಂಬಿದವರೂ ಇದ್ದಾರೆ. ಭೂಮಿ ಮತ್ತು ಮಾಲೀಕ-ಬಾಡಿಗೆದಾರರ ಸಂಬಂಧ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ರಾಜ್ಯದ ಶಾಸನಸಭೆ ತನ್ನದೇ ಕಾಯ್ದೆ ಮಾಡಿಕೊಳ್ಳದ ಹೊರತು ದಿಲ್ಲಿಯ ಮಾದರಿ ಇಲ್ಲಿ ಬರೀ ಕಾಗದ. ತಮಿಳುನಾಡು, ಉತ್ತರ ಪ್ರದೇಶ ಇದೇ ಧಾಟಿಯ ಕಾಯ್ದೆ ಮಾಡಿಕೊಂಡಿವೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮಾದರಿ ಕಾಯ್ದೆಯ ಒಳ್ಳೆಯ ಅಂಶಗಳಲ್ಲಿ ಮುಕ್ಕಾಲು ಪಾಲನ್ನು ಇಬ್ಬರೂ ಒಪ್ಪಿ ಇವತ್ತೇ ಕರಾರಿನಲ್ಲಿ ಬರೆದುಕೊಳ್ಳಬಹುದು. ಯಾವುದನ್ನು ಬರೆದುಕೊಳ್ಳಬಹುದು, ಯಾವುದು ಬರೆದರೂ ನಿಲ್ಲುವುದಿಲ್ಲ ಎಂಬುದೇ ಇಲ್ಲಿಯ ವಿಷಯ.

ಮೊದಲು: ನಿಮ್ಮ ಕಟ್ಟಡ ಯಾವ ಕಾಯ್ದೆಯ ಕೆಳಗೆ?

1999ರ ಕಾಯ್ದೆಯ ರಕ್ಷಣೆ ಸಿಗಬೇಕಾದರೆ ಕಟ್ಟಡ ಹಲವು ಜರಡಿ ದಾಟಬೇಕು. ಸರ್ಕಾರ, ಪಾಲಿಕೆ, ಮುಜರಾಯಿ, ಧಾರ್ಮಿಕ-ದತ್ತಿ ಸಂಸ್ಥೆ, ವಕ್ಫ್ ಇವುಗಳ ಆಸ್ತಿಯಾಗಿದ್ದರೆ ಕಾಯ್ದೆ ಅನ್ವಯಿಸದು. ಮಠದ ಅಥವಾ ದರ್ಗಾದ ಸಾಲು ಮಳಿಗೆಯಲ್ಲಿ ಇರುವವರು ಇದನ್ನು ಗಮನಿಸಬೇಕು. ಕಟ್ಟಿ ಮುಗಿಸಿದ ಅಥವಾ ದೊಡ್ಡ ಮಟ್ಟದಲ್ಲಿ ನವೀಕರಿಸಿದ ದಿನದಿಂದ 15 ವರ್ಷ ಆಗಿರದ ಕಟ್ಟಡವೂ ಹೊರಗೆ. ಅಂಗಡಿಯಾದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿಯ ಒಳಗಿರಬೇಕು. ಇದೆಲ್ಲ ದಾಟಿದ ಮೇಲೆ ಬಾಡಿಗೆಯ ಮಿತಿ ಬರುತ್ತದೆ: ಕಾಯ್ದೆಯ ಲೆಕ್ಕದಲ್ಲಿ ಬರುವ ಮಾಸಿಕ ಬಾಡಿಗೆ, ಊರು ಯಾವ ಪಟ್ಟಿಯಲ್ಲಿದೆ ಎಂಬುದರ ಮೇಲೆ, 3,500 ಅಥವಾ 2,000 ರೂಪಾಯಿ ಮೀರಿರಬಾರದು. ಹಿಂದಿನ ಶತಮಾನದ ಕೊನೆಯಲ್ಲಿ ಬರೆದ ಅಂಕಿ ಇದು. ಹಾಗಾಗಿ ಹಳೇ ಪೇಟೆಯ ಹಳೇ ಮನೆ, ಗೂಡಂಗಡಿಯಷ್ಟು ಅಗಲದ ಮಳಿಗೆ ಬಿಟ್ಟರೆ ಉಳಿದವರಿಗೆ ಇದರಿಂದ ಆಗುವುದು ಕಡಿಮೆ. ಆ ಹಳೇ ಗುಂಪಿನಲ್ಲಿ ನೀವಿದ್ದರೆ ಯಾವ ಹೊಸ ಕರಾರಿಗೂ ಸಹಿ ಹಾಕುವ ಮೊದಲು ವಕೀಲರನ್ನು ಕಾಣಿ. ಬಾಡಿಗೆ ಏರಿಸಿ ಬರೆದ ಒಂದು ಹೊಸ ಕಾಗದ ಇರುವ ರಕ್ಷಣೆಯನ್ನೇ ವಿವಾದಕ್ಕೆ ಎಳೆಯಬಹುದು.

ಉಳಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ. ಅದರ ಒಟ್ಟು ಧೋರಣೆ ಇಷ್ಟೇ: ಕರಾರಿನಲ್ಲಿ ಏನಿದೆಯೋ ಅದೇ ನಡೆಯಲಿ, ಕರಾರು ಸುಮ್ಮನಿದ್ದರೆ ಮಾತ್ರ ಕಾಯ್ದೆ ಮಾತಾಡುತ್ತದೆ. ಕರಾರಿನಲ್ಲಿ ನೋಟಿಸಿನ ಅವಧಿ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸು ಸಾಕು, ಅಷ್ಟರಲ್ಲಿ ಹೊಸ ಮನೆ ಹುಡುಕಿಕೊಳ್ಳಬೇಕು. ಅಡ್ವಾನ್ಸಿಗೆ ಮಿತಿ ಇಲ್ಲ, ಬಾಡಿಗೆ ಏರಿಕೆಗೆ ಮಿತಿ ಇಲ್ಲ, ದುರಸ್ತಿಯ ಪಟ್ಟಿ ಇಲ್ಲ. ಕಂಪ್ಯೂಟರ್ ಅಂಗಡಿಯಲ್ಲಿ ಹೆಸರು ಮಾತ್ರ ಬದಲಿಸಿ ಕೊಡುವ ಎರಡು ಪುಟದ ಕರಾರು ಇಬ್ಬರಿಗೂ ಕೈಕೊಡುವುದು ಈ ಕಾರಣಕ್ಕೆ.

ಮಾದರಿ ಕಾಯ್ದೆಯಿಂದ ಏನನ್ನು ತರಬಹುದು

ಅದರ ಮುಖ್ಯ ಅಂಶಗಳು ಹೀಗಿವೆ. ಕರಾರು ಲಿಖಿತವಾಗಿರಬೇಕು. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು, ವಾಣಿಜ್ಯ ಜಾಗಕ್ಕೆ ಆರು ತಿಂಗಳು. ಬಾಡಿಗೆ ಏರಿಸುವುದಿದ್ದರೆ ಮೂರು ತಿಂಗಳು ಮೊದಲೇ ಬರಹದಲ್ಲಿ ತಿಳಿಸಬೇಕು. ಮಾಲೀಕ ಮನೆಯೊಳಗೆ ಬರಲು 24 ಗಂಟೆ ಮುಂಚೆ ಹೇಳಬೇಕು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಬರುವಂತಿಲ್ಲ. ಜಗಳ ಎಷ್ಟೇ ಇರಲಿ, ನೀರು ಕರೆಂಟು ನಿಲ್ಲಿಸುವಂತಿಲ್ಲ. ಅವಧಿ ಮುಗಿದರೂ ಖಾಲಿ ಮಾಡದ ಬಾಡಿಗೆದಾರ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಬಾಡಿಗೆಗೆ ಗರಿಷ್ಠ ಮಿತಿ ಇದರಲ್ಲೂ ಇಲ್ಲ, ಇಬ್ಬರೂ ಒಪ್ಪಿದ್ದೇ ಬಾಡಿಗೆ. ಈಗಾಗಲೇ ಇರುವ ಬಾಡಿಗೆಗಳನ್ನು ಅದು ಮುಟ್ಟುವುದಿಲ್ಲ. ಹೊಸ ಕಾನೂನು ಬಂದ ಮರುದಿನವೇ ಹಳೇ ಬಾಡಿಗೆದಾರರನ್ನು ಎಬ್ಬಿಸಬಹುದು ಎಂದು ಕಾದಿರುವ ಮಾಲೀಕರೂ, ಎಬ್ಬಿಸುತ್ತಾರೆಂದು ಹೆದರಿರುವ ಬಾಡಿಗೆದಾರರೂ ಇಬ್ಬರೂ ತಪ್ಪು ತಿಳಿದಿದ್ದಾರೆ.

ಅಡ್ವಾನ್ಸು, ಏರಿಕೆಯ ನೋಟಿಸು, ಒಳಗೆ ಬರುವ ರೀತಿ, ದುರಸ್ತಿ ಹಂಚಿಕೆ, ನೀರು-ಕರೆಂಟು: ಇವನ್ನೆಲ್ಲ ಕರಾರಿನ ಕಲಮುಗಳಾಗಿ ಬರೆಯಬಹುದು, ಕೋರ್ಟಿನಲ್ಲೂ ನಿಲ್ಲುತ್ತವೆ. ಬರೆದರೂ ಪೂರ್ತಿ ನಿಲ್ಲದ್ದು ದುಪ್ಪಟ್ಟು-ನಾಲ್ಕು ಪಟ್ಟಿನ ಬಾಡಿಗೆ. ಕಾಯ್ದೆಯ ಬಲವಿಲ್ಲದೆ ಬರೀ ಕರಾರಿನಲ್ಲಿ ಬರೆದ ದಂಡವನ್ನು ಕೋರ್ಟು 'ನ್ಯಾಯವಾದ ಪರಿಹಾರ ಎಷ್ಟು' ಎಂದು ಅಳೆದು ಇಳಿಸಬಹುದು; 1872ರ ಕರಾರು ಕಾಯ್ದೆಯ 74ನೇ ಕಲಮು ಹೇಳುವುದು ಅದನ್ನೇ. ಹಾಗಾಗಿ ನಾಲ್ಕು ಪಟ್ಟು ಎಂದು ಹೆದರಿಸುವುದಕ್ಕಿಂತ, ಅಕ್ಕಪಕ್ಕದ ಬಾಡಿಗೆ ನೋಡಿ ಸಮರ್ಥಿಸಿಕೊಳ್ಳಬಲ್ಲ ಒಂದು ಮೊತ್ತವನ್ನು ದಿನದ ಲೆಕ್ಕದಲ್ಲಿ ಬರೆಯುವುದು ಜಾಣತನ. ಇನ್ನು ಬಾಡಿಗೆ ಪ್ರಾಧಿಕಾರ, 60 ದಿನದಲ್ಲಿ ತೀರ್ಪು ಕೊಡುವ ಬಾಡಿಗೆ ನ್ಯಾಯಾಲಯ ಇವನ್ನು ಯಾವ ಕರಾರೂ ಹುಟ್ಟಿಸಲಾರದು.

ಅಡ್ವಾನ್ಸ್ ಕೊಡುವ ಮೊದಲು ನೋಡಬೇಕಾದ ಕಾಗದ

ಮನೆ ತೋರಿಸಿದವರೇ ಮಾಲೀಕರಾಗಿರಬೇಕೆಂದಿಲ್ಲ. ಪಾಲಿಕೆ ಅಥವಾ ನಗರಸಭೆಯ ವ್ಯಾಪ್ತಿಯಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ ಕೇಳಿ; ಜೊತೆಗೆ ಈ ಸಾಲಿನ ಕಂದಾಯದ ರಸೀದಿ, ಇತ್ತೀಚಿನ ಜೆಸ್ಕಾಂ ಬಿಲ್ಲು. ಮೂರರಲ್ಲೂ ಒಂದೇ ಹೆಸರು ಇರಬೇಕು. ತಂದೆ ತೀರಿಕೊಂಡು ಖಾತೆ ಬದಲಾಗದ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಅಂಥಲ್ಲಿ ಒಬ್ಬ ಮಗನ ಸಹಿ ಸಾಲದು, ಹೆಣ್ಣುಮಕ್ಕಳೂ ಸೇರಿ ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಬೇಕು. ಇಲ್ಲದಿದ್ದರೆ ವರ್ಷದೊಳಗೆ ಇನ್ನೊಬ್ಬರು ಬಂದು "ಬಾಡಿಗಿ ನನಗ ಕೊಡ್ರಿ, ಅವನಿಗೆ ಕೊಡಬ್ಯಾಡ್ರಿ" ಅನ್ನುವುದು ಖಚಿತ. ಮಾಲೀಕರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇದ್ದು ಬೇರೆಯವರು ಸಹಿ ಹಾಕುತ್ತಿದ್ದರೆ ಅಧಿಕಾರ ಪತ್ರದ ಪ್ರತಿ ಇಟ್ಟುಕೊಳ್ಳಿ.

ಸಣ್ಣ ಅಡ್ವಾನ್ಸಿನ ಮನೆಗೆ ಇಷ್ಟು ಸಾಕು. ಲಕ್ಷಗಟ್ಟಲೆ ಕೊಡುವುದಿದ್ದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರವನ್ನೂ (ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ತೆಗೆಸಿ. ವಹಿವಾಟು ಇದ್ದರೆ ನಮೂನೆ 15 ಬರುತ್ತದೆ, ಇಲ್ಲದಿದ್ದರೆ ನಮೂನೆ 16.

ಹನ್ನೊಂದು ತಿಂಗಳ ಗುಟ್ಟು

ಒಂದು ವರ್ಷ ಮೀರಿದ ಬಾಡಿಗೆಯನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳಲು ಎಲ್ಲರೂ 11 ತಿಂಗಳು ಬರೆಯುತ್ತಾರೆ. ಅದರಲ್ಲಿ ಕಾನೂನಿನ ತಪ್ಪೇನಿಲ್ಲ. ತಪ್ಪಾಗುವುದು ಆಮೇಲೆ. ಹನ್ನೊಂದು ತಿಂಗಳೆಂದು ಬರೆದು, ಕೆಳಗೆ 'ಮುಂದೆ ಮೂರು ವರ್ಷ ತಾನಾಗಿ ಮುಂದುವರಿಯತಕ್ಕದ್ದು' ಎಂದು ಸೇರಿಸಿದರೆ, ಇದು ಮೂರು ವರ್ಷದ ಬಾಡಿಗೆ, ನೋಂದಣಿ ಆಗಿಲ್ಲ ಎಂಬ ತಕರಾರು ಬರುತ್ತದೆ. ನೋಂದಣಿ ಇಲ್ಲದ ಪತ್ರದಲ್ಲಿನ ಅವಧಿ, ಏರಿಕೆ, ನೋಟಿಸು ಇವ್ಯಾವುದನ್ನೂ ಕೋರ್ಟಿನಲ್ಲಿ ಸಾಬೀತು ಮಾಡಲಾಗದೆ ಮತ್ತೆ ಆ 15 ದಿನದ ನೋಟಿಸಿಗೇ ಬಂದು ನಿಲ್ಲುತ್ತೀರಿ. ಪ್ರತಿ 11 ತಿಂಗಳಿಗೆ ಹೊಸ ಪತ್ರ ಮಾಡಿ, ಇಲ್ಲವೇ ನಿಜವಾಗಿ ಎರಡು-ಮೂರು ವರ್ಷ ಬೇಕಾದರೆ ನೋಂದಾಯಿಸಿ.

ನೋಟರಿ ಮೊಹರು ನೋಂದಣಿಗೆ ಬದಲಿ ಎಂದು ತಿಳಿದವರು ಬಹಳ. ಸಹಿ ಹಾಕಿದ್ದು ಇವರೇ ಎನ್ನುವುದಕ್ಕೆ ನೋಟರಿ ನೆರವಾಗುತ್ತದೆ, ಅದರಾಚೆಗೆ ಏನೂ ಕೊಡದು.

ಇ-ಸ್ಟಾಂಪಿನ ವಿಷಯದಲ್ಲೂ 'ನೂರು ರೂಪಾಯಿ ಪೇಪರ್ ಸಾಕು' ಎಂಬ ಅಭ್ಯಾಸವಿದೆ. ಮುದ್ರಾಂಕ ಸುಂಕ ಲೆಕ್ಕವಾಗುವುದು ವರ್ಷದ ಬಾಡಿಗೆ ಮತ್ತು ಅಡ್ವಾನ್ಸ್ ಸೇರಿದ ಮೊತ್ತದ ಮೇಲೆ. ಕಡಿಮೆ ಸುಂಕದ ಪತ್ರವನ್ನು ಕೋರ್ಟಿಗೆ ಹಾಜರು ಮಾಡಿದಾಗ ಕೊರತೆಯ ಹತ್ತು ಪಟ್ಟು ದಂಡ ಕಟ್ಟದೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮನೆ ಬಾಡಿಗೆಯಲ್ಲಿ ಕೊರತೆ ಸಣ್ಣದು. ಗೋದಾಮು, ಷೋರೂಮಿನ ಪತ್ರದಲ್ಲಿ ಅದು ಜೇಬು ಸುಡುವಷ್ಟಾಗುತ್ತದೆ.

ಕಲಮುಗಳು, ಒಂದೊಂದಾಗಿ

ಬಾಡಿಗೆ ಮತ್ತು ಅಡ್ವಾನ್ಸ್. ಮೊತ್ತವನ್ನು ಅಂಕಿ, ಅಕ್ಷರ ಎರಡರಲ್ಲೂ ಬರೆಯಿರಿ. ಯಾವ ತಾರೀಖಿನೊಳಗೆ, ಯಾವ ಖಾತೆಗೆ ಎಂದೂ ಬರೆಯಿರಿ. ನಗದು ಕೊಟ್ಟರೆ ಅದೇ ದಿನ ರಸೀದಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ, ಅಂದರೆ ತಿಂಗಳಿಗೆ 8,333 ದಾಟಿದರೆ, ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಕೆಲಸ ಮಾಡುವವರು ಇದನ್ನು ಮೊದಲೇ ಮಾತಾಡಿಕೊಂಡರೆ ಫೆಬ್ರವರಿಯಲ್ಲಿ ಮನಸ್ತಾಪ ಇರುವುದಿಲ್ಲ. ಪ್ಯಾನ್ ಕೊಡಲು ಮಾಲೀಕರು ಹಿಂಜರಿಯುವುದು ತೆರಿಗೆಯ ಭಯಕ್ಕೆ. ಮನೆ ಬಾಡಿಗೆ ಆದಾಯದಲ್ಲಿ, ಕಟ್ಟಿದ ಕಂದಾಯ ಕಳೆದ ಮೇಲೆ, ಶೇಕಡಾ 30ರಷ್ಟು ಯಾವ ಬಿಲ್ಲೂ ಇಲ್ಲದೆ ಕಡಿತ ಸಿಗುತ್ತದೆಂದು ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಅಡ್ವಾನ್ಸ್ ವಾಪಸಾತಿಗೆ ಈ ಒಕ್ಕಣೆ ಬಳಸಬಹುದು: 'ಬಾಡಿಗೆದಾರರು ಮನೆಯ ಖಾಲಿ ಸ್ವಾಧೀನವನ್ನು ಬಿಟ್ಟುಕೊಟ್ಟ ದಿನವೇ, ಬಾಕಿ ಬಾಡಿಗೆ, ಬಾಕಿ ವಿದ್ಯುತ್-ನೀರಿನ ಬಿಲ್ಲು ಮತ್ತು ಅನುಬಂಧ-1ರಲ್ಲಿ ತೋರಿಸಿದ ವಸ್ತುಗಳಿಗೆ ಆದ ಹಾನಿಯ ಮೊತ್ತವನ್ನು ಮಾತ್ರ ಕಳೆದು, ಉಳಿದ ಮುಂಗಡ ಹಣವನ್ನು ಮಾಲೀಕರು ಹಿಂತಿರುಗಿಸತಕ್ಕದ್ದು. ಸಹಜ ಸವಕಳಿಗೆ ಹಣ ಹಿಡಿಯತಕ್ಕದ್ದಲ್ಲ.' ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ವಾಡಿಕೆ ಇದೆ. ಮಾದರಿ ಕಾಯ್ದೆಯ ಪಟ್ಟಿಯಲ್ಲಿ ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ ಎರಡೂ ಮಾಲೀಕರ ಪಾಲಿನವು. ಹಿಡಿಯುವುದೇ ಆದರೆ ಎಷ್ಟೆಂದು ಈಗಲೇ ಬರೆಯಿರಿ, ಮತ್ತು ಎರಡು ವರ್ಷ ದಾಟಿ ಇದ್ದವರಿಂದ ಹಿಡಿಯುವುದಿಲ್ಲ ಎಂದೂ ಸೇರಿಸಿ.

ಅನುಬಂಧ-1 ಅಂದರೆ ಮನೆಯಲ್ಲಿರುವ ವಸ್ತುಗಳ ಪಟ್ಟಿ: ಫ್ಯಾನು, ಟ್ಯೂಬ್‌ಲೈಟ್, ನಲ್ಲಿ, ಗೀಸರ್, ಸಂಪಿನ ಮೋಟರ್, ಬೀಗದಕೈ ಎಷ್ಟು ಜೊತೆ. ಜೊತೆಗೆ ಪ್ರತಿ ಕೋಣೆಯ ಫೋಟೊ. ಒಡೆದ ಕಡಪ ಕಲ್ಲು, ಛಾವಣಿಯ ತೇವದ ಕಲೆ, ಗೆದ್ದಲು ಹಿಡಿದ ಚೌಕಟ್ಟು ಇವೆಲ್ಲ ಕಾಣುವಂತೆ. ಫೋಟೊಗಳನ್ನು ಅದೇ ದಿನ ಇಬ್ಬರ ವಾಟ್ಸಾಪಿಗೂ ಕಳುಹಿಸಿಕೊಂಡರೆ ತಾರೀಖು ತಾನಾಗಿ ದಾಖಲಾಗುತ್ತದೆ. ಬಿಡುವ ದಿನದ ಮುಕ್ಕಾಲು ಜಗಳ ಇಷ್ಟರಲ್ಲೇ ಮುಗಿಯುತ್ತದೆ.

ದುರಸ್ತಿ. ಇಲ್ಲಿ ಸ್ವಲ್ಪ ನಿಲ್ಲಬೇಕು. 1882ರ ಕಾಯ್ದೆಯ 108ನೇ ಕಲಮಿನಲ್ಲೇ ಬಾಡಿಗೆದಾರರಿಗೆ ಒಂದು ಹಕ್ಕಿದೆ: ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ತಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ 'ಮಾಡಲೇಬೇಕಾದ' ದುರಸ್ತಿ ಯಾವುದೆಂದು ಕಾಯ್ದೆ ಪಟ್ಟಿ ಮಾಡಿಲ್ಲ. ಕರಾರಿನಲ್ಲಿ ಹೊಣೆ ಬರೆಯದಿದ್ದರೆ ಆ ಹಕ್ಕು ಗಾಳಿಯಲ್ಲಿ ತೂಗುತ್ತದೆ. ಆದ್ದರಿಂದ ಮಾದರಿ ಕಾಯ್ದೆಯ ಎರಡನೇ ಅನುಸೂಚಿಯ ಹಂಚಿಕೆಯನ್ನು ಹಾಗೇ ಇಳಿಸಿಕೊಳ್ಳಿ. ಮಾಲೀಕರ ಪಾಲಿಗೆ: ಗೋಡೆ-ಛಾವಣಿಯ ದುರಸ್ತಿ, ಸುಣ್ಣಬಣ್ಣ, ನೀರಿನ ಪೈಪ್ ಬದಲಿಸುವುದು, ಒಳಗಿನ ಹೊರಗಿನ ವೈರಿಂಗ್. ಬಾಡಿಗೆದಾರರ ಪಾಲಿಗೆ: ನಲ್ಲಿ, ವಾಷರ್, ಚರಂಡಿ ಸ್ವಚ್ಛತೆ, ಬೇಸಿನ್, ಗೀಸರ್, ಸ್ವಿಚ್ಚು-ಸಾಕೆಟ್, ಚಿಲಕ-ಬೀಗ, ಒಡೆದ ಗಾಜು, ಸೊಳ್ಳೆ ಜಾಲರಿ. ಮುರಿದುಕೊಳ್ಳುವ ಮೊತ್ತ ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧ ಮೀರಬಾರದು ಎಂಬ ಮಾದರಿ ಕಾಯ್ದೆಯ ಮಿತಿಯನ್ನೂ ಸೇರಿಸಿದರೆ ಮಾಲೀಕರು ಒಪ್ಪುವುದು ಸುಲಭ. ಅಂದರೆ 8,000ದ ಮನೆಯಲ್ಲಿ 10,000ದ ಪೈಪಿನ ಕೆಲಸ ಮಾಡಿಸಿದರೆ ತಿಂಗಳಿಗೆ 4,000, 4,000, 2,000 ಎಂದು ಮೂರು ಕಂತಿನಲ್ಲಿ ಮುರಿಯುವುದು.

ನಮ್ಮ ಕಡೆಯ ಮೂರು ವಿಷಯ ದಿಲ್ಲಿಯ ಪಟ್ಟಿಯಲ್ಲಿ ಇಲ್ಲ, ನೀವೇ ಬರೆದುಕೊಳ್ಳಬೇಕು. ಮೊದಲನೆಯದು ನೀರು. ನಲ್ಲಿ ನೀರು ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ಬರುವ ಓಣಿಗಳಲ್ಲಿ ಸಂಪು ಎಷ್ಟು ಮನೆಗೆ ಸೇರಿದ್ದು, ಮೋಟರ್ ಯಾರ ಮೀಟರಿನಲ್ಲಿದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಹಣ ಹೇಗೆ ಹಂಚಿಕೆ ಎಂಬುದು ಕಾಗದದ ಮೇಲೆ ಇರಲಿ. ತಲೆ ಲೆಕ್ಕಕ್ಕಿಂತ ಮನೆ ಲೆಕ್ಕದಲ್ಲಿ ಹಂಚುವುದು ಸರಳ. ಎರಡನೆಯದು ಕೂಲರ್. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೂಲರ್ ಇಲ್ಲದೆ ಇರಲಾಗದು. ಕಿಟಕಿಗೆ ಹಾಕಿದ ಕಬ್ಬಿಣದ ಸ್ಟ್ಯಾಂಡನ್ನು ಬಿಡುವಾಗ ತೆಗೆದುಕೊಂಡು ಹೋಗುವ ಹಕ್ಕು 108ನೇ ಕಲಮಿನಲ್ಲೇ ಇದೆ, ಗೋಡೆಯನ್ನು ಮೊದಲಿನಂತೆ ಮಾಡಿಕೊಡಬೇಕು ಅಷ್ಟೇ. ಎಸಿ ಹಾಕುವುದಾದರೆ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ. ಹೆಚ್ಚಿಸುವ ಖರ್ಚು ಯಾರದೆಂದು ಬರೆಯಿರಿ.

ಮೂರನೆಯದು ಗೃಹಜ್ಯೋತಿ. ಬಾಡಿಗೆದಾರರೂ ತಮ್ಮ ಆಧಾರನ್ನು ಆ ಮನೆಯ ಮೀಟರಿಗೆ ಜೋಡಿಸಿ ಸೌಲಭ್ಯ ಪಡೆಯಬಹುದು, ಒಬ್ಬರಿಗೆ ಒಂದೇ ಮೀಟರು. ಹಳೇ ಬಾಡಿಗೆದಾರರು ಜೋಡಣೆ ತೆಗೆಸದೆ ಹೋಗಿದ್ದರೆ ಹೊಸಬರ ಅರ್ಜಿ ನಿಂತುಬಿಡುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಾಗಾಗಿ ಒಂದೇ ಮೀಟರಿನ ಕೆಳಗೆ ಸಬ್-ಮೀಟರ್ ಹಾಕಿ ಎರಡು ಸಂಸಾರ ಇರುವಲ್ಲಿ ಇಬ್ಬರಿಗೂ ನಷ್ಟ. ಮಾಲೀಕರು ಪ್ರತ್ಯೇಕ ಮೀಟರ್ ಹಾಕಿಸಿದರೆ ಮನೆ ಬೇಗ ಬಾಡಿಗೆಗೆ ಹೋಗುತ್ತದೆ.

ನೋಟಿಸು ಮತ್ತು ಆಷಾಢ. ಬಿಡುವ ನೋಟಿಸು ಎರಡೂ ಕಡೆಗೆ ಎರಡು ತಿಂಗಳು ಇರಲಿ. ಆಷಾಢದಲ್ಲಿ, ಶೂನ್ಯಮಾಸದಲ್ಲಿ ನಮ್ಮವರು ಮನೆ ಬದಲಿಸುವುದಿಲ್ಲ. ಅವಧಿ ಜುಲೈ ಮಧ್ಯಕ್ಕೆ ಮುಗಿಯುವಂತೆ ಬರೆದರೆ ಬಾಡಿಗೆದಾರರು ಶ್ರಾವಣದ ತನಕ ಕದಲುವುದಿಲ್ಲ. ಕ್ಯಾಲೆಂಡರ್ ನೋಡಿ ಅವಧಿಯ ಕೊನೆಯ ದಿನ ನಿಗದಿ ಮಾಡಿ. ಹಾಸ್ಯವೆನಿಸಬಹುದು, ಒಂದು ತಿಂಗಳ ವೃಥಾ ಜಗಳ ತಪ್ಪುತ್ತದೆ.

ಒಳಗೆ ಬರುವುದು. 'ದುರಸ್ತಿ ಅಥವಾ ಪರಿಶೀಲನೆಗಾಗಿ ಮಾಲೀಕರು 24 ಗಂಟೆ ಮುಂಚಿತವಾಗಿ ಸಂದೇಶದ ಮೂಲಕ ತಿಳಿಸಿ, ಹಗಲು ಹೊತ್ತಿನಲ್ಲಿ ಮಾತ್ರ ಮನೆಯೊಳಗೆ ಪ್ರವೇಶಿಸತಕ್ಕದ್ದು.' ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ, ಒಂಟಿಯಾಗಿ ಇರುವ ಶಿಕ್ಷಕಿಯರಿಗೆ ಮನೆ ಕೊಡುವಾಗ ಈ ಸಾಲು ಇರಲೇಬೇಕು.

ಮನೆ ಮಾರಾಟವಾದರೆ. ಹೊಸ ಮಾಲೀಕರು ಹಳೇ ಮಾಲೀಕರ ಜಾಗಕ್ಕೆ ಬರುತ್ತಾರೆ, ಕರಾರು ಮುಂದುವರಿಯುತ್ತದೆ. ಅಡ್ವಾನ್ಸ್ ಯಾರಲ್ಲಿ ಉಳಿಯಿತು ಎಂಬುದೇ ಪ್ರಶ್ನೆ. ಮಾರಾಟದ ಸಂದರ್ಭದಲ್ಲಿ ಮುಂಗಡ ಹಣವನ್ನು ಹೊಸ ಮಾಲೀಕರಿಗೆ ವರ್ಗಾಯಿಸಿ ಮೂವರ ಸಹಿಯ ಪತ್ರ ಕೊಡತಕ್ಕದ್ದು ಎಂದು ಬರೆಸಿ.

'ಲೀಸಿಗೆ' ಹಾಕುವ ಮನೆ: ಇಲ್ಲೇ ದೊಡ್ಡ ಅಪಾಯ

ಮೂರು ವರ್ಷಕ್ಕೆ ನಾಲ್ಕೋ ಐದೋ ಲಕ್ಷ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸು ಪಡೆಯುವುದು. ಇದನ್ನು ಜನ ಲೀಸು, ಭೋಗ್ಯ ಎಂದೆಲ್ಲ ಕರೆಯುತ್ತಾರೆ. ಇದಕ್ಕೂ ಇ-ಸ್ಟಾಂಪಿನಲ್ಲಿ 11 ತಿಂಗಳೆಂದು ಬರೆದು ನೋಟರಿ ಮಾಡಿಸಿ ಮುಗಿಸುತ್ತಾರೆ. ಕಾನೂನಿನ ಕಣ್ಣಿನಲ್ಲಿ ಇದು ಒಂದು ವರ್ಷ ಮೀರಿದ ಗುತ್ತಿಗೆ, ಇಲ್ಲವೇ ಸ್ವಾಧೀನ ಸಹಿತ ಅಡಮಾನ. ಅಡಮಾನವಾದರೆ ನೂರು ರೂಪಾಯಿ ದಾಟಿದ ಸಾಲಕ್ಕೂ ನೋಂದಣಿ ಬೇಕು. ನೋಂದಣಿ ಇಲ್ಲದಿದ್ದರೆ ನಿಮ್ಮ ಹಣ ಆ ಮನೆಯ ಋಣಭಾರದಲ್ಲಿ ಕಾಣಿಸುವುದೇ ಇಲ್ಲ. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೆ ಇಡಬಹುದು, ಮಾರಲೂಬಹುದು. ಬ್ಯಾಂಕಿಗೆ ಮೊದಲೇ ಅಡವಿದ್ದ ಮನೆಯನ್ನು ನೀವು ಹಿಡಿದಿದ್ದು ಕಂತು ನಿಂತರೆ, ಸರ್ಫೇಸಿ ಕಾಯ್ದೆಯಡಿ (ಸಾಲ ತೀರದಾಗ ಅಡವಿನ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯುವ ಕಾನೂನು) ಸ್ವಾಧೀನಕ್ಕೆ ಬಂದ ಬ್ಯಾಂಕಿನ ಮುಂದೆ ನಿಮ್ಮ ನೋಟರಿ ಕಾಗದ ನಿಲ್ಲುವುದು ಕಷ್ಟ.

ಮಾಡಬೇಕಾದ್ದು ಈ ಕ್ರಮದಲ್ಲಿ. ಕನಿಷ್ಠ 13 ವರ್ಷದ ಋಣಭಾರ ಪತ್ರ ತೆಗೆಸಿ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. 'ಬ್ಯಾಂಕ್ ಲಾಕರಿನಲ್ಲಿದೆ' ಎಂಬ ಉತ್ತರ ಬಂದರೆ ಬ್ಯಾಂಕಿನ ಸಾಲದಲ್ಲಿದೆ ಎಂದೇ ತಿಳಿದು ಮುಂದಿನ ಮಾತಾಡಿ. ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಹಣ ಕೊಡಬೇಡಿ. ಪೂರ್ತಿ ಮೊತ್ತವನ್ನು ಬ್ಯಾಂಕ್ ಮೂಲಕವೇ ಕೊಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ, ಇದನ್ನು ಮಾಲೀಕರಿಗೂ ಹೇಳಿ. ಆಮೇಲೆ ಕಾವೇರಿ ತಂತ್ರಾಂಶದಲ್ಲಿ ಎರಡೂ ಕಡೆಯವರ ಮತ್ತು ಆಸ್ತಿಯ ವಿವರ ತುಂಬಿ, ಪತ್ರದ ಕರಡು ಸೇರಿಸಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಇಬ್ಬರೂ ಸಾಕ್ಷಿಗಳೊಂದಿಗೆ ಹೋಗಿ. ನೋಂದಣಿ ಖರ್ಚು ಉಳಿಸಲು ಮಾಲೀಕರು ಒಪ್ಪದಿದ್ದರೆ ಖರ್ಚು ನೀವೇ ಹಾಕಿ. ಅದಕ್ಕೂ ಒಪ್ಪದಿದ್ದರೆ ಆ ಮನೆ ಬಿಡಿ.

ಅಂಗಡಿ, ಗೋದಾಮು, ಹೊಲಿಗೆ ಯೂನಿಟ್ಟು

ಬಳ್ಳಾರಿಯ ಜೀನ್ಸ್ ಕೆಲಸ ಎಷ್ಟೋ ಕಡೆ ಮನೆಯಲ್ಲೇ ನಡೆಯುತ್ತದೆ. ವಾಸಕ್ಕೆಂದು ಪಡೆದ ಮನೆಯಲ್ಲಿ ಹತ್ತು ಹೊಲಿಗೆ ಯಂತ್ರ ಕೂರಿಸಿದರೆ ಎರಡು ತೊಂದರೆ. ಕರಾರಿನ ಉದ್ದೇಶ ಮೀರಿದ ಬಳಕೆಯಾಗುತ್ತದೆ. ಜೊತೆಗೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಮನೆಯ ಮೀಟರಿನ ಅನಧಿಕೃತ ಬಳಕೆ ಎಂದು ನಿಜವಾದ ಬಳಕೆಯ ವರ್ಗದ ದರದ ಎರಡು ಪಟ್ಟು ಹಾಕುತ್ತಾರೆ. ಬಿಲ್ಲು ಬರುವುದು ಮಾಲೀಕರ ಹೆಸರಿಗೆ. ಬಳಕೆ ಏನೆಂದು ನೇರವಾಗಿ ಬರೆದು, ಮೀಟರಿನ ವರ್ಗ ಬದಲಿಸಿಕೊಂಡು ಶುರು ಮಾಡಿ. ಅಕ್ಕಿ ಗಿರಣಿಯ ಗೋದಾಮಿನಂಥ ದೊಡ್ಡ ಜಾಗಕ್ಕೆ ಮೂರು ವರ್ಷ ಮೀರಿದ ನೋಂದಾಯಿತ ಪತ್ರವೇ ಸರಿ, ಹಾಕಿದ ಬಂಡವಾಳಕ್ಕೆ ಅದೊಂದೇ ಆಸರೆ.

ಜಗಳ ಬಂದಾಗ

ಮಾಲೀಕರು: ನೋಟಿಸನ್ನು ಬರಹದಲ್ಲಿ, ಸಹಿ ಹಾಕಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ದಿನ ಎಣಿಕೆ ಶುರುವಾಗುವುದು ಕೈಸೇರಿದ ದಿನದಿಂದ. ನೋಟಿಸು ಕೊಟ್ಟ ಮೇಲೆ ಮುಂದಿನ ತಿಂಗಳ ಬಾಡಿಗೆಯನ್ನು ಸುಮ್ಮನೆ ತೆಗೆದುಕೊಂಡರೆ ನೋಟಿಸನ್ನು ಕೈಬಿಟ್ಟಿರಿ ಎಂಬ ವಾದಕ್ಕೆ ದಾರಿಯಾಗುತ್ತದೆ. 'ನೋಟಿಸಿಗೆ ಬಾಧೆಯಿಲ್ಲದಂತೆ, ಬಳಕೆಯ ಪರಿಹಾರವಾಗಿ ಪಡೆದಿದೆ' ಎಂದು ರಸೀದಿಯಲ್ಲಿ ಬರೆಯಿರಿ. ಬೀಗ ಒಡೆಯುವುದು, ಸಾಮಾನು ಹೊರಗೆ ಹಾಕುವುದು, ನೀರಿನ ವಾಲ್ವ್ ತಿರುಗಿಸುವುದು ಇವೆಲ್ಲ ನಿಮ್ಮ ಗಟ್ಟಿ ಪ್ರಕರಣವನ್ನೇ ಹಾಳುಮಾಡುತ್ತವೆ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮರಳಿ ಸಿಗುತ್ತದೆ, ಮನೆ ಯಾರದೆಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರರೇ ಮಾಲೀಕರಾಗುತ್ತಾರೆ ಎಂಬ ಭಯದಿಂದ ಅವಸರ ಮಾಡುವವರೂ ಇದ್ದಾರೆ. ಬಾಡಿಗೆದಾರರಾಗಿ ಒಳಗೆ ಬಂದವರು ಬಾಡಿಗೆ ನಡೆಯುತ್ತಿರುವಾಗ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಕರಾರು, ರಸೀದಿ ಇಟ್ಟುಕೊಂಡವರಿಗೆ ಆ ಭಯ ಬೇಡ. ಆದರೆ ಬಾಡಿಗೆ ಬಾಕಿ ವಸೂಲಿಗೆ ಮೂರು ವರ್ಷದ ಕಾಲಮಿತಿ ಇದೆ, 'ಮುಂದ ನೋಡೂಣು ಬಿಡ್ರಿ' ಎಂದು ಬಿಟ್ಟ ಹಳೇ ಬಾಕಿ ಹೋದಂತೆಯೇ.

ಬಾಡಿಗೆದಾರರು: ಮಾಲೀಕರು ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ ಬಾಕಿದಾರರನ್ನಾಗಿ ಮಾಡುವ ಹಂಚಿಕೆ ಇರಬಹುದು. ಅದೇ ತಾರೀಖಿಗೆ ಅವರ ಖಾತೆಗೆ ಹಾಕಿ, ಪುರಾವೆ ಇಟ್ಟುಕೊಳ್ಳಿ. ಬಾಕಿಯ ಕಾರಣಕ್ಕೆ ದಾವೆ ಬಂದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಕೋರ್ಟು ಬಾಡಿಗೆ ಉಳಿಸಿಕೊಡುವ ಅವಕಾಶ 1882ರ ಕಾಯ್ದೆಯ 114ನೇ ಕಲಮಿನಲ್ಲಿದೆ.

ದಾವೆಗೆ ಮೊದಲು ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯ ಅರ್ಜಿ ಕೊಡಬಹುದು, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತಿನಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಖಾಲಿ ಮಾಡುವ ತಾರೀಖು, ಅಡ್ವಾನ್ಸ್ ಮರಳಿಸುವ ತಾರೀಖು ಎರಡನ್ನೂ ಒಂದೇ ರಾಜಿಯಲ್ಲಿ ಬರೆಸುವುದು ಮರೆಯಬೇಡಿ.

ಕಾಯ್ದೆ ತಿದ್ದುವವರಿಗೆ ಏನು ಕೇಳಬೇಕು

ಶಾಸಕರಿಗೆ, ವಿಧಾನ ಪರಿಷತ್ ಸದಸ್ಯರಿಗೆ ಮನವಿ ಕೊಡುವ ಬಡಾವಣೆ ಸಂಘಗಳು 'ಒಳ್ಳೆಯ ಕಾನೂನು ತನ್ನಿ' ಎಂದು ಬರೆದರೆ ಫೈಲಿನಲ್ಲಿ ಮಲಗುತ್ತದೆ. ಕಲಮು ಹೆಸರಿಸಿ ಕೇಳಿ. 3,500 ಮತ್ತು 2,000ದ ಮಿತಿ ಇನ್ನೂ ಏಕಿರಬೇಕು? ಎರಡು ತಿಂಗಳ ಅಡ್ವಾನ್ಸ್ ಮಿತಿ ತಂದರೆ ಮಾಲೀಕರು ಇಡಿಗಂಟಿನ ಲೀಸಿನತ್ತ ಜಾರುತ್ತಾರೆ. ಮಾದರಿ ಕಾಯ್ದೆಯಲ್ಲಿ ಈ ಲೀಸಿಗೆಂದೇ ಬೇರೆ ನಿಯಮವಿಲ್ಲ, ಕರ್ನಾಟಕದ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು: ಕಡ್ಡಾಯ ನೋಂದಣಿ, ಕಡಿಮೆ ಶುಲ್ಕ, ಋಣಭಾರದಲ್ಲಿ ನಮೂದು. ಬಾಡಿಗೆ ಪ್ರಾಧಿಕಾರಿ ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಾಗಿರಬೇಕು ಎನ್ನುತ್ತದೆ ಮಾದರಿ. ನಮ್ಮಲ್ಲಿ ಅದು ಸಹಾಯಕ ಆಯುಕ್ತರ ಹೆಗಲಿಗೆ ಬೀಳುವ ಸಂಭವವೇ ಹೆಚ್ಚು. ಜಮೀನಿನ ಮೇಲ್ಮನವಿಗಳ ಕಟ್ಟುಗಳ ನಡುವೆ ನಾಲ್ಕು ಸಾವಿರದ ಅಡ್ವಾನ್ಸಿನ ತಕರಾರು 60 ದಿನದಲ್ಲಿ ಇತ್ಯರ್ಥವಾಗುವುದು ನಂಬಲು ಕಷ್ಟ. ಕೊಪ್ಪಳದ ಕಚೇರಿಗೆ ಗಂಗಾವತಿ, ಕುಷ್ಟಗಿಯಿಂದ ಕೂಲಿ ಬಿಟ್ಟು ಬರಬೇಕಾದರೆ ಬರುವವರೂ ಕಡಿಮೆ. ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೆರಡು ದಿನ ಬೈಠಕ್, ಕನ್ನಡದಲ್ಲಿ ಒಂದು ಪುಟದ ಅರ್ಜಿ ನಮೂನೆ, ಕರಾರು ದಾಖಲಿಸಲು ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅವಕಾಶ: ಈ ಮೂರನ್ನು ಮನವಿಯ ಮೊದಲ ಪುಟದಲ್ಲೇ ಬರೆಯಿರಿ.